ಕೇಳಿಸ್ತು ಅಂದ್ರೆ ಕಾಣಿಸ್ತು ಅಂತಲ್ಲ: ಟವರ್ ಇಲ್ಲದ ಏರ್‌ಪೋರ್ಟ್ ಸುತ್ತ ಹಾರೋರ ಜೊತೆ ಆಡಿದ ಮಾತು

ಪೈಲಟ್ ಲೈಸೆನ್ಸ್‌ಗೆ ಓದ್ತಿರೋರು, ಹೊಸದಾಗಿ ಲೈಸೆನ್ಸ್ ತಗೊಂಡೋರು, ಅವ್ರ ಮನೆಯವ್ರು ಒಂದಷ್ಟು ಜನ ಸೇರಿದ್ದ ಕಡೆ ನಾನು ಆಡಿದ ಮಾತಿದು. ಅವತ್ತು ಬರಕ್ಕಾಗದೇ ಇದ್ದ ಕೆಲವ್ರು ಬರ್ದು ಕೊಡಿ ಅಂದ್ರು ಅಂತ ಕೂತು ಬರ್ದಿದೀನಿ, ಮಾತಾಡಿದ ಹಾಗೇ ಇರ್ಲಿ ಅಂತ ಜಾಸ್ತಿ ತಿದ್ದಕ್ಕೆ ಹೋಗಿಲ್ಲ. ನಾನು ಕಲಿತಿದ್ದು, ಕಲಿಸ್ತಿರೋದು ಎರಡೂ ಅಮೆರಿಕದಲ್ಲಿ, ಹಾಗಾಗಿ ಇಲ್ಲಿ ಬರೋ ರೂಲ್ಸ್ ಎಲ್ಲ ಅಲ್ಲಿಯದು.

ಮೊದ್ಲು ಎಲ್ರೂ ಒಂದ್ಸಲ ಕೈನ ಪೂರ್ತಿ ಮುಂದಕ್ಕೆ ಚಾಚಿ ಹೆಬ್ಬೆರಳು ಮೇಲೆತ್ತಿ ಹಿಡೀರಿ. ಆ ಬೆರಳಿನ ಅಗಲ ನೋಡಿ. ಈಗ ಸೆಸ್ನಾ 172 ಅನ್ನೋ ಒಂದು ಸಣ್ಣ ವಿಮಾನ ನಿಮ್ಮ ಎದುರಿಗೇ ನೇರವಾಗಿ ಬರ್ತಿದೆ ಅಂದ್ಕೊಳ್ಳಿ, ನೀವೂ 100 ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್), ಅದೂ 100 ನಾಟ್, ಅದರ ರೆಕ್ಕೆ ಈ ತುದಿಯಿಂದ ಆ ತುದಿಗೆ ಸುಮಾರು 11 ಮೀಟರ್. ಆ ವಿಮಾನ ನಿಮ್ಮ ಹೆಬ್ಬೆರಳಿನಷ್ಟು ಅಗಲ ಕಾಣೋ ಹೊತ್ತಿಗೆ ಡಿಕ್ಕಿಗೆ ಉಳಿದಿರೋದು 3 ಸೆಕೆಂಡು.

ಕೈ ಇಳಿಸಿ. ಈಗ ಇದೇ ಲೆಕ್ಕನ ಸ್ವಲ್ಪ ಹಿಂದಕ್ಕೆ ತಗೊಂಡು ಹೋಗೋಣ. ಎಫ್‌ಎಎ, ಅಂದ್ರೆ ಅಮೆರಿಕದ ವಿಮಾನಯಾನ ಇಲಾಖೆ, ತನ್ನ ಸಲಹಾ ಪತ್ರದಲ್ಲಿ ಒಂದು ಪಟ್ಟಿ ಕೊಟ್ಟಿದೆ, ಎದುರಿಗೆ ಏನೋ ಇದೆ ಅಂತ ಕಣ್ಣಿಗೆ ಬೀಳಕ್ಕೆ 0.1 ಸೆಕೆಂಡು, ಅದು ವಿಮಾನ ಅಂತ ಗುರುತು ಹಿಡಿಯಕ್ಕೆ 1, ಅಯ್ಯೋ ಇದು ನಮಗೇ ಬಂದು ಬಡಿಯುತ್ತೆ ಅಂತ ಹೊಳಿಯಕ್ಕೆ 5, ಎಡಕ್ಕೋ ಬಲಕ್ಕೋ ಅಂತ ತೀರ್ಮಾನ ಮಾಡಕ್ಕೆ 4, ಕೈ ಆಡಕ್ಕೆ 0.4, ಆಮೇಲೆ ವಿಮಾನ ನಮ್ಮ ಮಾತು ಕೇಳಿ ತಿರುಗಕ್ಕೆ 2. ಎಲ್ಲ ಸೇರಿಸಿದ್ರೆ ಹನ್ನೆರಡೂವರೆ ಸೆಕೆಂಡು. ಎದುರುಬದುರು 200 ನಾಟ್ ಅಂದ್ರೆ ಸೆಕೆಂಡಿಗೆ ನೂರು ಮೀಟರಿಗಿಂತ ಸ್ವಲ್ಪ ಜಾಸ್ತಿನೇ ಆಯ್ತು, ಅಂದ್ರೆ ಆ ವಿಮಾನ ಹೆಚ್ಚುಕಮ್ಮಿ 1.3 ಕಿಲೋಮೀಟರ್ ದೂರ ಇರೋವಾಗ್ಲೇ ನೀವು ಅದನ್ನ ನೋಡಿರಬೇಕು. ಆ ದೂರದಲ್ಲಿ ಅದರ ರೆಕ್ಕೆ ಎಷ್ಟು ದೊಡ್ಡದು ಕಾಣುತ್ತೆ ಗೊತ್ತಾ, ಹುಣ್ಣಿಮೆ ಚಂದ್ರ ಇದಾನಲ್ಲ, ಅವನ ಅಗಲದಷ್ಟು. ಆದ್ರೆ ಚಂದ್ರನ ಹಾಗೆ ದುಂಡಗೆ ಬೆಳ್ಳಗೆ ಅಲ್ಲ, ಎದುರಿಂದ ನೋಡಿದ್ರೆ ರೆಕ್ಕೆ ಅನ್ನೋದು ಒಂದು ಗೆರೆ, ನಡುವೆ ಒಂದು ಚುಕ್ಕೆ, ಹಿಂದೆ ಮಬ್ಬು ಆಕಾಶನೋ, ಮನೆ ರಸ್ತೆ ಹೊಲ ಎಲ್ಲ ಕಲಸಿಕೊಂಡಿರೋ ನೆಲನೋ.

ಇನ್ನೂ ಒಂದು ಇದೆ, ನನಗೆ ಕಲಿಯೋವಾಗ ನಂಬಕ್ಕೇ ಆಗಿರ್ಲಿಲ್ಲ. ಡಿಕ್ಕಿ ಆಗೋ ದಾರೀಲಿರೋ ವಿಮಾನ ಗಾಜಿನ ಮೇಲೆ ಅಲ್ಲಾಡಲ್ಲ. ಎರಡೂ ನೇರವಾಗಿ, ತಮ್ಮ ತಮ್ಮ ವೇಗ ಬದಲಿಸದೇ ಹೋಗ್ತಾ ಒಂದೇ ಜಾಗಕ್ಕೆ ಒಂದೇ ಕ್ಷಣಕ್ಕೆ ಸೇರೋದಾದ್ರೆ, ಅದು ನಿಮ್ಮ ಗಾಜಿನ ಒಂದೇ ಜಾಗದಲ್ಲಿ ಅಂಟಿಕೊಂಡ ಹಾಗೆ ಕೂತಿರುತ್ತೆ, ಗಾಜಿಗೆ ಬಡಿದು ಸತ್ತ ಹುಳದ ಕಲೆ ತರ. ಗಾಜಿನ ಮೇಲೆ ಎಡಕ್ಕೋ ಬಲಕ್ಕೋ ಚೆನ್ನಾಗಿ ಜರುಗ್ತಾ ಹೋಗೋ ವಿಮಾನ ಸಾಮಾನ್ಯವಾಗಿ ನಿಮಗೆ ಬಡಿಯೋದಲ್ಲ. ಅಲ್ಲಾಡದೇ ಇರೋದೇ ಬಡಿಯೋದು, ಮತ್ತೆ ನಮ್ಮ ಕಣ್ಣೋ, ಓರೆಯಲ್ಲಿ ಅಲ್ಲಾಡೋದನ್ನ ಥಟ್ಟಂತ ಹಿಡಿಯುತ್ತೆ, ಅಲ್ಲಾಡದ್ದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಅದು ಬೆಳೆಯೋದು ಕೂಡ ಒಂದೇ ಸಮ ಅಲ್ಲ, ತುಂಬಾ ಹೊತ್ತು ಚುಕ್ಕೆಯಾಗೇ ಇದ್ದು ಕೊನೇ ಎರಡು ಮೂರು ಸೆಕೆಂಡಲ್ಲಿ ಗಾಜು ತುಂಬಾ ಹರಡಿಕೊಂಡು ಬಿಡುತ್ತೆ.

ಈಗ ವಿಮಾನ ಹಾರಿಸದೇ ಇರೋರಿಗೋಸ್ಕರ ಒಂದೆರಡು ಮಾತು. ಏರ್‌ಪೋರ್ಟ್ ಅಂದ ತಕ್ಷಣ ಎಲ್ರಿಗೂ ಟವರ್ ನೆನಪಾಗುತ್ತೆ, ಮೇಲೆ ಕೂತು ಒಬ್ರು ನೀ ಮುಂದೆ ಬಾ, ನೀ ನಿಲ್ಲು ಅಂತ ಹೇಳ್ತಾರೆ ಅಂತ. ಅಮೆರಿಕದಲ್ಲಿ ಸಾರ್ವಜನಿಕರು ಬಳಸೋ ಏರ್‌ಪೋರ್ಟ್ 5,000ದಷ್ಟಿವೆ, ಅದ್ರಲ್ಲಿ ಟವರ್ ಇರೋದು 500ರ ಆಸುಪಾಸು ಅಷ್ಟೇ. ಉಳಿದ ಕಡೆ ಯಾರೂ ಹೇಳೋರಿಲ್ಲ. ರನ್‌ವೇ ಸುತ್ತ ಒಂದು ಆಯತ ಇದೆ ಅಂದ್ಕೊಂಡು ಎಲ್ರೂ ಅದರ ಮೇಲೇ ಹಾರ್ತೀವಿ, ಇದಕ್ಕೆ ಪ್ಯಾಟರ್ನ್ ಅಂತೀವಿ. ರನ್‌ವೇಗೆ ಸಮಾನಾಂತರವಾಗಿ ಗಾಳಿ ಬೆನ್ನಿಗೆ ಬಿಟ್ಕೊಂಡು ಹೋಗೋದು ಡೌನ್‌ವಿಂಡ್, ಅಡ್ಡ ತಿರುಗಿದ್ರೆ ಬೇಸ್, ರನ್‌ವೇ ಕಡೆ ಮುಖ ಮಾಡಿದ್ರೆ ಫೈನಲ್. ಸಣ್ಣ ವಿಮಾನಗಳಿಗೆ ಸಾಮಾನ್ಯವಾಗಿ ನೆಲದಿಂದ 1,000 ಅಡಿ ಎತ್ತರ, ಬೇರೆ ಸೂಚನೆ ಇಲ್ದಿದ್ರೆ ಎಲ್ಲ ತಿರುವೂ ಎಡಕ್ಕೆ. ಆಮೇಲೆ ಎಲ್ರಿಗೂ ಒಂದೇ ರೇಡಿಯೋ ಫ್ರೀಕ್ವೆನ್ಸಿ, ಸಿಟಿಎಎಫ್ ಅಂತ, ಅದ್ರಲ್ಲಿ ನಾನು ಇಲ್ಲಿದೀನಿ, ಹಿಂಗೆ ತಿರುಗ್ತಿದೀನಿ ಅಂತ ನಾವು ನಾವೇ ಹೇಳ್ಕೊಳ್ತೀವಿ. 10 ಮೈಲಿಯಿಂದ್ಲೇ ಶುರು ಮಾಡ್ಬೇಕು ಅಂತ ಶಿಫಾರಸು. ಶಿಫಾರಸು ಅನ್ನೋ ಪದ ಗಮನಿಸಿ. ಇಂಥಾ ಬಹಳಷ್ಟು ಏರ್‌ಪೋರ್ಟ್‌ಗಳಲ್ಲಿ ರೇಡಿಯೋನೇ ಇಲ್ಲದ ವಿಮಾನ ಬಂದು ಇಳಿದ್ರೂ ಅದು ಕಾನೂನುಬದ್ಧನೇ, ಹಳೇ ಪೈಪರ್ ಕಬ್‌ಗಳಲ್ಲಿ ಎಷ್ಟೋ ಸಲ ಕರೆಂಟ್ ವ್ಯವಸ್ಥೆನೇ ಇರಲ್ಲ.

ಅವತ್ತು ನಾನು ಹೇಳಕ್ಕೆ ಹೋಗಿದ್ದು ಮುಖ್ಯವಾಗಿ ಈ ರೇಡಿಯೋ ಬಗ್ಗೆ. ರೇಡಿಯೋ ಬೇಡ ಅಂತಲ್ಲ, ಖಂಡಿತ ಬೇಕು, ನಾನು ಒಂದು ಕಾಲ್ ಕೂಡ ಬಿಡಲ್ಲ. ಆದ್ರೆ ಒಂದು ದನಿ ಕೇಳಿಸಿದ ತಕ್ಷಣ ನಮ್ಮ ತಲೆ ಒಂದು ಚಿತ್ರ ಬರೆದುಬಿಡುತ್ತೆ, ಓ ಅವನು ಅಲ್ಲಿದಾನೆ ಅಂತ, ಆ ಚಿತ್ರ ಬಂದ ಮೇಲೆ ಕಣ್ಣು ಹುಡುಕೋದನ್ನ ನಿಲ್ಲಿಸಿಬಿಡುತ್ತೆ.

1996ರ ನವೆಂಬರ್ 19, ಇಲಿನಾಯ್ ರಾಜ್ಯದ ಕ್ವಿನ್ಸಿ. ಟವರ್ ಇಲ್ಲದ ಏರ್‌ಪೋರ್ಟ್, ಒಂದನ್ನೊಂದು ಕತ್ತರಿಸೋ ರನ್‌ವೇಗಳು, ಸಂಜೆ ಬೆಳಕು ಇಳೀತಿದೆ. ಯುನೈಟೆಡ್ ಎಕ್ಸ್‌ಪ್ರೆಸ್‌ನ ಬೀಚ್ 1900 ಅನ್ನೋ ಸಣ್ಣ ಪ್ರಯಾಣಿಕರ ವಿಮಾನ ಒಂದು ರನ್‌ವೇ 13ಕ್ಕೆ ಇಳಿಯಕ್ಕೆ ಬರ್ತಿದೆ. ರನ್‌ವೇ 4ರಲ್ಲಿ ಒಂದು ಕಿಂಗ್ ಏರ್ ವಿಮಾನ, ಅದರ ಹಿಂದೆ ಸರದಿ ಕಾಯ್ತಾ ಒಂದು ಸಣ್ಣ ಪೈಪರ್ ಚೆರೋಕಿ. ಇಳೀತಿದ್ದ ವಿಮಾನದ ಪೈಲಟ್‌ಗಳು ಸರಿಯಾಗೇ ಕೇಳಿದ್ರು, ರನ್‌ವೇ 4ರಲ್ಲಿರೋರು ನಿಲ್ತೀರಾ, ಇಲ್ಲ ಟೇಕಾಫ್ ಮಾಡ್ತೀರಾ ಅಂತ. ಉತ್ತರ ಬಂತು, ಹೋಲ್ಡಿಂಗ್ ಅಂತ. ಉತ್ತರ ಕೊಟ್ಟಿದ್ದು ಕಿಂಗ್ ಏರ್ ಅಲ್ಲ, ಹಿಂದೆ ನಿಂತಿದ್ದ ಚೆರೋಕಿ. ಆ ಮಾತಿನ ಮೇಲೇ ಕಾಕ್‌ಪಿಟ್ ಒಳಗೆ ಎತ್ತರ ಹೇಳೋ ಯಂತ್ರದ ದನಿ ಬಿದ್ದು ಅದು ಅರ್ಧಂಬರ್ಧ ಮುಚ್ಚಿಹೋಯ್ತು. ಇಳಿಯೋರು ಅದು ಕಿಂಗ್ ಏರ್‌ನದೇ ಉತ್ತರ ಅಂದ್ಕೊಂಡು ಥ್ಯಾಂಕ್ಸ್ ಹೇಳಿ ಮುಂದುವರಿದ್ರು, ಚೆರೋಕಿಯೋರೂ ತಿದ್ದಲಿಲ್ಲ. ಕಿಂಗ್ ಏರ್ ಟೇಕಾಫ್ ಶುರು ಮಾಡಿತ್ತು. ರನ್‌ವೇಗಳು ಸೇರೋ ಜಾಗದಲ್ಲಿ ಎರಡೂ ಬಡಿದುಕೊಂಡ್ವು. 14 ಜನ, ಒಬ್ರೂ ಉಳೀಲಿಲ್ಲ. ಬೀಚ್ 1900 ಒಳಗಿದ್ದೋರು ಹೊಡೆತಕ್ಕೆ ಸತ್ತಿರ್ಲಿಲ್ಲ, ಬಾಗಿಲು ಸಿಕ್ಕಿಹಾಕ್ಕೊಂಡು ತೆಗೆಯಕ್ಕೆ ಬರ್ಲಿಲ್ಲ, ಹೊಗೆ ಬೆಂಕಿಗೆ ಹೋದ್ರು. ತನಿಖೆ ಮಾಡಿದ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ, ಕಿಂಗ್ ಏರ್‌ನವರು ರೇಡಿಯೋ ಸರಿಯಾಗಿ ಆಲಿಸದೇ, ಸುತ್ತ ಸರಿಯಾಗಿ ನೋಡದೇ ಹೊರಟಿದ್ದೇ ಮುಖ್ಯ ಕಾರಣ ಅಂತು.

ಇದು ಗಾಳೀಲಿ ಆಗಿದ್ದಲ್ಲ, ನೆಲದ ಮೇಲೆ ಆಗಿದ್ದು, ನಿಜ. ಆದ್ರೂ ನಾನು ಪ್ರತಿ ಸಲ ಇದನ್ನೇ ಮೊದ್ಲು ಹೇಳೋದು ಯಾಕಂದ್ರೆ ಇಲ್ಲಿ ಪ್ರಶ್ನೆ ಕೇಳಿದಾರೆ, ಉತ್ತರ ಬಂದಿದೆ, ಆ ಉತ್ತರ ಸುಳ್ಳೂ ಅಲ್ಲ, ಅಷ್ಟಾದ್ರೂ ದನಿ ಒಂದು ವಿಮಾನದ್ದು, ಎದುರಿಗೆ ಕಂಡಿದ್ದು ಇನ್ನೊಂದು. ನಮ್ಮ ಪ್ಯಾಟರ್ನ್‌ನಲ್ಲಿ ಒಂದು ಚಂದದ ದಿನ ಐದು ವಿಮಾನ ಸುತ್ತುತಿರ್ತವೆ, ಯಾವ ದನಿ ಯಾವ ರೆಕ್ಕೆಗೆ ಸೇರಿದ್ದು ಅಂತ ಯಾರು ಹೇಳೋರು? ಅದಕ್ಕೇ ನಾನು ನಂಬರ್ ಜೊತೆ ಹೈ-ವಿಂಗ್ (ರೆಕ್ಕೆ ಮೇಲಿರೋದು) ಬಿಳಿ ಸೆಸ್ನಾ ಅಂತ ಬಣ್ಣ ಆಕಾರ ಸೇರಿಸಿ ಹೇಳಿ ಅನ್ನೋದು, ಬಾಲದ ನಂಬರ್ ಅರ್ಧ ಮೈಲಿ ದೂರದಿಂದ ಯಾರ ಕಣ್ಣಿಗೂ ಕಾಣಲ್ಲ. ಏರ್‌ಪೋರ್ಟ್ ಹೆಸರನ್ನ ಮಾತಿನ ಶುರುಲೂ ಹೇಳಿ ಕೊನೇಲೂ ಹೇಳಿ, ಯಾಕಂದ್ರೆ 122.8 ಅಂಥ ಫ್ರೀಕ್ವೆನ್ಸಿನ ಅಕ್ಕಪಕ್ಕದ ಎಷ್ಟೋ ಏರ್‌ಪೋರ್ಟ್‌ಗಳು ಹಂಚಿಕೊಂಡಿರ್ತವೆ. ಮತ್ತೆ ಈ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ ಅಂತ ಎಲ್ರನ್ನೂ ಕೂಗೋ ಅಭ್ಯಾಸ ಇದೆಯಲ್ಲ, ಅದನ್ನ ಎಫ್‌ಎಎ ಕೈಪಿಡಿ ಯಾವ ಸಂದರ್ಭದಲ್ಲೂ ಬೇಡ ಅಂತ ಖಡಾಖಂಡಿತ ಹೇಳಿದೆ. ಅದು ಬರೀ ಚಾನೆಲ್ ತುಂಬಿಸುತ್ತೆ, ಉತ್ತರ ಬರ್ಲಿಲ್ಲ ಅಂದ್ರೆ ಯಾರೂ ಇಲ್ಲ ಅನ್ನೋ ಸುಳ್ಳು ಧೈರ್ಯ ಕೊಡುತ್ತೆ.

ಎರಡನೇದು 2022ರ ಆಗಸ್ಟ್ 18, ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್. ಇಲ್ಲೂ ಟವರ್ ಇಲ್ಲ. ಪ್ಯಾಟರ್ನ್‌ನಲ್ಲಿ ಒಂದು ಪುಟ್ಟ ಸೆಸ್ನಾ 152 ಸುತ್ತು ಹೊಡೀತಿದೆ. ಎರಡು ಎಂಜಿನ್‌ನ ಸೆಸ್ನಾ 340 ಒಂದು 10 ಮೈಲಿಯಿಂದ, ಪ್ಯಾಟರ್ನ್ ಸುತ್ತದೇ, ನೇರ ಫೈನಲ್‌ಗೆ ಬರ್ತೀನಿ ಅಂತ ರೇಡಿಯೋದಲ್ಲಿ ಹೇಳಿತು. ಇಬ್ರೂ ಮಾತಾಡಿದ್ರು, ಇಬ್ರೂ ಒಂದೇ ಫ್ರೀಕ್ವೆನ್ಸೀಲಿದ್ರು. ದೊಡ್ಡದು 180 ನಾಟ್ ಆಸುಪಾಸಿನ ವೇಗದಲ್ಲೇ ಫೈನಲ್‌ನಲ್ಲಿ ಬಂತು. ಕೊನೆಗೆ ಸಣ್ಣ ವಿಮಾನದ ಪೈಲಟ್, ನೀವು ತುಂಬಾ ಜೋರಾಗಿ ನನ್ನ ಮೇಲೆ ಬರ್ತಿದೀರ, ನಾನು ಗೋ-ಅರೌಂಡ್ (ಇಳಿಯೋದು ಬಿಟ್ಟು ಮತ್ತೆ ಮೇಲೇರಿ ಸುತ್ತು ಬರೋದು) ಮಾಡ್ತೀನಿ ಅನ್ನೋ ಅರ್ಥದ ಮಾತು ಹೇಳಿದ್ರು. ಅದಾದ ಸ್ವಲ್ಪ ಹೊತ್ತಿಗೇ ಡಿಕ್ಕಿ. ಎರಡೂ ವಿಮಾನದಲ್ಲಿದ್ದ ಮೂರೂ ಜನ ಹೋದ್ರು, ಅವರ ಜೊತೆ ಒಂದು ನಾಯಿನೂ.

ಇಲ್ಲಿ ನನ್ನ ತಲೆ ಕೊರೆಯೋದು ಮೈಲಿ ಅನ್ನೋ ಪದ. 180 ನಾಟ್ ಅಂದ್ರೆ ನಿಮಿಷಕ್ಕೆ 3 ಮೈಲಿ, ವಿಮಾನದೋರು ಬಳಸೋ ನಾಟಿಕಲ್ ಮೈಲಿ. 60 ನಾಟ್ ಅಂದ್ರೆ ನಿಮಿಷಕ್ಕೆ 1 ಮೈಲಿ. ಮೂರು ಮೈಲಿ ದೂರ ಇದೀನಿ ಅಂತ ಒಬ್ರು ಹೇಳಿದ್ರೆ ಸಣ್ಣ ವಿಮಾನದಲ್ಲಿ ಕೂತೋರ ಮನಸ್ಸಲ್ಲಿ ಓ ಇನ್ನೂ ಮೂರು ನಿಮಿಷ ಇದೆ, ಬೇಸ್ ತಿರುಗಿ ಇಳಿದು ರನ್‌ವೇ ಬಿಟ್ಟು ಆಚೆ ಹೋಗಬಹುದು ಅನ್ನೋ ಲೆಕ್ಕ ಓಡುತ್ತೆ, ಯಾಕಂದ್ರೆ ಅವರಿಗೆ ಮೈಲಿ ಅಂದ್ರೆ ಅಷ್ಟೇ ಉದ್ದ. ಹೇಳ್ದೋರಿಗೆ ಇರೋದು ಒಂದೇ ನಿಮಿಷ. ಇಬ್ರೂ ಸತ್ಯನೇ ಹೇಳ್ತಿದಾರೆ, ಆದ್ರೆ ಬೇರೆ ಬೇರೆ ಗಡಿಯಾರದಲ್ಲಿ. ನೀವು ಮುಂದೆ ವೇಗದ ವಿಮಾನ ಹಾರಿಸೋ ಕಾಲ ಬಂದಾಗ ದಯವಿಟ್ಟು ನಿಮಿಷದಲ್ಲೂ ಹೇಳಿ, ಮೂರು ಮೈಲಿ, ಒಂದು ನಿಮಿಷ ಅಂತ. ನಿಧಾನದ ವಿಮಾನದಲ್ಲಿದ್ರೆ ನೇರ ಫೈನಲ್ ಅನ್ನೋ ಮಾತು ಕಿವಿಗೆ ಬಿದ್ದ ಕೂಡ್ಲೇ ಬೇಸ್ ತಿರುಗೋದನ್ನ ತಡೀರಿ, ಡೌನ್‌ವಿಂಡ್‌ನಲ್ಲೇ ಮುಂದೆ ಹೋಗ್ತಾ ಇರಿ, ಅದು ಕಣ್ಣಿಗೆ ಕಂಡು ನಿಮ್ಮನ್ನ ದಾಟಿ ಹೋದ ಮೇಲೆ ತಿರುಗಿ. ರೂಲ್ ಏನನ್ನುತ್ತೆ ಅಂತ ಕೇಳ್ತೀರ. ಇಳಿಯಕ್ಕೆ ಬರ್ತಿರೋರಲ್ಲಿ ಕೆಳಗಿರೋರಿಗೆ ಮೊದಲ ಹಕ್ಕು, ಆದ್ರೆ ಆ ಹಕ್ಕು ಇಟ್ಕೊಂಡು ಇನ್ನೊಬ್ರ ಮುಂದೆ ನುಗ್ಗೋ ಹಾಗಿಲ್ಲ ಅಂತ ಅದೇ ವಾಕ್ಯದಲ್ಲಿದೆ. ಬೆನ್ನ ಹಿಂದಿಂದ ಬರೋರಿಗೆ ಆ ರೂಲ್ ನೆನಪಿರುತ್ತೆ ಅಂತ ನಾನಂತೂ ನನ್ನ ಸ್ಟೂಡೆಂಟ್ ಪ್ರಾಣ ಪಣಕ್ಕಿಡಲ್ಲ.

ಈಗ ನನಗೇ ಆಗಿದ್ದು. ಸ್ಟೂಡೆಂಟ್ ಒಬ್ಬಳ ಜೊತೆ ಸೆಸ್ನಾದಲ್ಲಿ ಲ್ಯಾಂಡಿಂಗ್ ಪ್ರಾಕ್ಟೀಸ್, ಮಧ್ಯಾಹ್ನ, ಆಕಾಶ ಅಂದ್ರೆ ತೊಳೆದಿಟ್ಟ ಹಾಗೆ. ರೇಡಿಯೋದಲ್ಲಿ ಒಬ್ರು ಲೆಫ್ಟ್ ಡೌನ್‌ವಿಂಡ್ ಅಂದ್ರು. ನಾವೂ ಲೆಫ್ಟ್ ಡೌನ್‌ವಿಂಡ್‌ನಲ್ಲೇ ಇದೀವಿ ಅಂತ ಹೇಳಿದ್ವಿ. ಅವರು ನಮ್ಮ ಮುಂದೆ ಇದಾರೆ ಅಂದ್ಕೊಂಡು ಇಬ್ರೂ ಮುಂದೆ ಹುಡುಕ್ತಾ ಇದೀವಿ, ಕಾಣ್ತಿಲ್ಲ, ಬಹುಶಃ ಬೇಸ್ ತಿರುಗಿರಬೇಕು ಅಂದೆ ನಾನು. ಆ ಬಹುಶಃ ಅನ್ನೋ ಪದ ಇವತ್ತಿಗೂ ನನ್ನ ಬಾಯಲ್ಲಿ ಕಹಿ. ಅಷ್ಟೊತ್ತಿಗೆ ಅವಳ ಮಡಿಲ ಮೇಲಿದ್ದ ಚೆಕ್‌ಲಿಸ್ಟ್ ಮೇಲೆ, ಇನ್‌ಸ್ಟ್ರುಮೆಂಟ್ ಪ್ಯಾನೆಲ್ ಮೇಲೆ ಒಂದು ನೆರಳು ಹಾದುಹೋಯ್ತು. ಮೋಡ ಒಂದೂ ಇಲ್ಲ. ಎದೆ ಧಸಕ್ಕಂತು, ಕಂಟ್ರೋಲ್ ನಾನು ತಗೊಂಡೆ, ಮೂಗು ಕೆಳಗೆ ತಳ್ಳಿದೆ. ಮರುಕ್ಷಣ ನಮ್ಮ ಛಾವಣಿ ಅಂಚಿಂದ ಆಚೆಗೆ, ಮೇಲಿಂದ, ಒಂದು ಲೋ-ವಿಂಗ್ ವಿಮಾನದ ಹೊಟ್ಟೆ ಹೊರಗೆ ಬಂತು. ಎರಡು ಚಕ್ರ, ಹೊಟ್ಟೆ ಉದ್ದಕ್ಕೂ ಹಿಂದಕ್ಕೆ ಎಳೆದ ಹಾಗೆ ಎಂಜಿನ್ ಆಯಿಲ್ ಕಲೆ, ಅಷ್ಟು ಹತ್ರ. ಅದು ತನ್ನ ಪಾಡಿಗೆ ನಿಧಾನಕ್ಕೆ ಇಳೀತಾ ನಮ್ಮನ್ನ ದಾಟಿ ಮುಂದೆ ಹೋಯ್ತು, ಒಂಚೂರೂ ತಿರುಗಲಿಲ್ಲ. ಅವರಿಗೆ ನಾವು ಅಲ್ಲಿದೀವಿ ಅನ್ನೋದೇ ಗೊತ್ತಿಲ್ಲ. ನಾವು ಪ್ಯಾಟರ್ನ್ ಬಿಟ್ಟು ಆಚೆ ಹೋದ್ವಿ, ಹುಡುಗಿ ಒಂದು ಐದು ನಿಮಿಷ ಮಾತಾಡ್ಲಿಲ್ಲ, ನಾನೂ ಮಾತಾಡ್ಲಿಲ್ಲ.

ಯಾಕೆ ಹಿಂಗಾಯ್ತು ಅಂದ್ರೆ ಸೆಸ್ನಾದ ರೆಕ್ಕೆ ತಲೆ ಮೇಲಿರುತ್ತೆ, ನಮಗೆ ಮೇಲೆ ಕಾಣಲ್ಲ. ಪೈಪರ್ ತರದ್ದಕ್ಕೆ ರೆಕ್ಕೆ ಕಾಲ ಕೆಳಗಿರುತ್ತೆ, ಅವರಿಗೆ ಕೆಳಗೆ ಕಾಣಲ್ಲ. ಲೋ-ವಿಂಗ್ ಮೇಲೆ, ಹೈ-ವಿಂಗ್ ಕೆಳಗೆ ಬಂತು ಅಂದ್ರೆ ಇಬ್ರೂ ಒಬ್ರ ಕುರುಡು ಜಾಗದಲ್ಲಿ ಇನ್ನೊಬ್ರು, ಎಷ್ಟು ಹುಷಾರಾಗಿ ಕೂತು ನೋಡಿದ್ರೂ ಕಾಣಲ್ಲ. ಅದಕ್ಕೇ ಡೌನ್‌ವಿಂಡ್‌ಗೆ ಮೇಲಿಂದ ಇಳೀತಾ ಸೇರಬಾರ್ದು, ಮೊದ್ಲೇ ಪ್ಯಾಟರ್ನ್ ಎತ್ತರಕ್ಕೆ ಬಂದು, ಮಟ್ಟವಾಗಿ ಹಾರ್ತಾ, 45 ಡಿಗ್ರಿ ಓರೆಯಲ್ಲಿ ಮಧ್ಯಭಾಗಕ್ಕೆ ಬಂದು ಸೇರಿ ಅಂತ ಬಡ್ಕೊಳ್ಳೋದು. ಹಾಗೆ ಬಂದ್ರೆ ಡೌನ್‌ವಿಂಡ್‌ನಲ್ಲಿರೋರು ಒಬ್ಬೊಬ್ರೂ ನಿಮ್ಮ ಗಾಜಿನ ಮುಂದೆ ಒಂದೇ ಎತ್ತರದಲ್ಲಿ ಹಾದು ಹೋಗ್ತಾರೆ, ನಿಮಗೂ ಅವರು ಕಾಣ್ತಾರೆ, ಅವರಿಗೂ ನೀವು ಕಾಣ್ತೀರ. ಪ್ರತಿ ತಿರುವಿಗೂ ಮುಂಚೆ ಹೈ-ವಿಂಗ್‌ನವರು ಆ ಕಡೆ ರೆಕ್ಕೆನ ಒಂಚೂರು ಎತ್ತಿ ನೋಡಿ, ತಿರುಗೋ ಕಡೆನೇ ರೆಕ್ಕೆ ಇಳಿದು ಮುಚ್ಚಿಬಿಡುತ್ತೆ. ಫೈನಲ್ ತಿರುಗೋ ಮುಂಚೆ ಬರೀ ರನ್‌ವೇ ಕಡೆ ನೋಡ್ಬೇಡಿ, ರನ್‌ವೇ ಎಲ್ಲೂ ಓಡಿಹೋಗಲ್ಲ, ಉಲ್ಟಾ ದಿಕ್ಕಿಗೆ, ಫೈನಲ್ ದಾರಿ ಉದ್ದಕ್ಕೂ ಹೊರಗಡೆ ನೋಡಿ, ಅಲ್ಲಿಂದ ತಾನೇ ವಾಟ್ಸನ್‌ವಿಲ್‌ನಲ್ಲಿ ಬಂದಿದ್ದು.

ನೋಡೋದು ಅಂದೆ, ಅದೂ ಸುಮ್ನೆ ಕಣ್ಣು ಬಿಟ್ಕೊಂಡು ಕೂರೋದಲ್ಲ. ಖಾಲಿ ಆಕಾಶನ ನೋಡ್ತಾ ಇದ್ರೆ ಕಣ್ಣಿಗೆ ಹಿಡಿಯಕ್ಕೆ ಏನೂ ಸಿಗದೇ ಅದು ತನ್ನಷ್ಟಕ್ಕೆ ಸಡಿಲ ಆಗಿ ಮೂರರಿಂದ ಒಂಬತ್ತು ಮೀಟರ್ ಹತ್ತಿರಕ್ಕೆ ಫೋಕಸ್ ಮಾಡ್ಕೊಂಡುಬಿಡುತ್ತೆ, ನೀವು ದೂರ ನೋಡ್ತಿದೀನಿ ಅಂದ್ಕೊಂಡಿರ್ತೀರ, ನಿಜಕ್ಕೂ ನೋಡ್ತಿರೋದು ರೆಕ್ಕೆ ತುದಿ ದೂರದ ಗಾಳಿನ. ಆಗಾಗ ದೂರದ ಬೆಟ್ಟನೋ ಮೋಡದ ಅಂಚೋ ನೋಡಿ ಕಣ್ಣನ್ನ ಮತ್ತೆ ದೂರಕ್ಕೆ ತರಬೇಕು. ಒಂದು ತುದಿಯಿಂದ ಇನ್ನೊಂದಕ್ಕೆ ಸರ್ರಂತ ಕಣ್ಣು ಓಡಿಸಿದ್ರೆ ಮಧ್ಯದಲ್ಲಿ ಏನೂ ಕಂಡಿರಲ್ಲ, 10 ಡಿಗ್ರಿಗಿಂತ ಜಾಸ್ತಿ ಜರುಗಿಸದೇ ಒಂದೊಂದು ತುಂಡಲ್ಲೂ ಕನಿಷ್ಠ ಒಂದು ಸೆಕೆಂಡು ನಿಲ್ಲಿಸಿ ನೋಡ್ಬೇಕು. ಕಿಟಕಿ ಕಂಬದ ಹಿಂದೆ ಒಂದು ವಿಮಾನ ಅಡಗಬಲ್ಲದು, ತಲೆನ ಮುಂದೆ ಹಿಂದೆ ಆಡಿಸಿ. ಏರ್‌ಪೋರ್ಟ್‌ನಿಂದ 10 ಮೈಲಿ ಒಳಗೆ ಹಗಲಲ್ಲೂ ಲ್ಯಾಂಡಿಂಗ್ ಲೈಟ್ ಹಾಕಿ, ಇನ್ನೊಬ್ರ ಕಣ್ಣಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ ಅದು. ಇಂಥ ಡಿಕ್ಕಿ ಬಹುಪಾಲು ಆಗಿರೋದು ಹಗಲಲ್ಲಿ, ಒಳ್ಳೇ ಹವೆಯಲ್ಲೇ, ನನ್ನ ನೆರಳಿನ ಕತೆಯ ಹಾಗೇ.

ಎಡಿಎಸ್-ಬಿ, ಅಂದ್ರೆ ವಿಮಾನ ತಾನಿರೋ ಜಾಗನ ತಾನೇ ಸಿಗ್ನಲ್ ಮೂಲಕ ಸಾರೋ ವ್ಯವಸ್ಥೆ, ಅದರ ಬಗ್ಗೆ ಯಾರೋ ಕೇಳಿದ್ರು, ಈಗ ಟ್ಯಾಬ್ಲೆಟ್‌ನಲ್ಲೇ ಎಲ್ಲ ವಿಮಾನ ಕಾಣ್ತವಲ್ಲ ಅಂತ. ಒಳ್ಳೇ ಸಾಧನ, ನಾನೂ ಇಟ್ಕೊಂಡಿದೀನಿ, ಎಲ್ಲಿ ನೋಡ್ಬೇಕು ಅಂತ ಕಣ್ಣಿಗೆ ದಾರಿ ತೋರಿಸುತ್ತೆ. ಆದ್ರೆ 2020ರ ಜನವರಿ 1ರಿಂದ ಕಡ್ಡಾಯ ಆಗಿರೋದು ದೊಡ್ಡ ಏರ್‌ಪೋರ್ಟ್ ಸುತ್ತ, 10,000 ಅಡಿ ಮೇಲೆ, ಇಂಥ ಕೆಲವು ಕಡೆ ಮಾತ್ರ, ಸಣ್ಣ ಊರಿನ ರನ್‌ವೇಗೆ ಬರೋ ಎಲ್ರ ಹತ್ರನೂ ಇರ್ಬೇಕು ಅಂತಿಲ್ಲ. ಅಲ್ಲಿಗೆ ಸ್ಕ್ರೀನ್ ಖಾಲಿ ಅಂದ್ರೆ ಆಕಾಶ ಖಾಲಿ ಅಂತಲ್ಲ. ಪ್ಯಾಟರ್ನ್ ಒಳಗೆ ಬಂದ ಮೇಲೆ ನಾನು ಅದರ ಎಚ್ಚರಿಕೆ ಸದ್ದು ಕಿವಿಗೆ ಬಿಟ್ಟು ಕಣ್ಣು ಪೂರ್ತಿ ಹೊರಗೆ ಇಡ್ತೀನಿ.

ಕೊನೇಲಿ ಒಬ್ಬ ಹುಡುಗ ಒಂದು ಪ್ರಶ್ನೆ ಕೇಳ್ದ, ಹೇಳೋರು ಕೇಳೋರು ಯಾರೂ ಇಲ್ಲದ ಕಡೆ ನಾನೇ ಪದೇ ಪದೇ ಬಿಟ್ಟುಕೊಟ್ಟು ಗೋ-ಅರೌಂಡ್ ಮಾಡ್ತಿದ್ರೆ ಇವನಿಗೆ ಹಾರಿಸಕ್ಕೆ ಬರಲ್ಲ ಅಂದ್ಕೊಳ್ಳಲ್ವಾ ಅಂತ. ಅವನಿಗೆ ನಾನು ಆ ಲೋ-ವಿಂಗ್ ಪೈಲಟ್ ಬಗ್ಗೆನೇ ಹೇಳ್ದೆ. ಅವತ್ತು ಇಳಿದ ಮೇಲೆ ಹೋಗಿ ಅವರನ್ನ ಮಾತಾಡಿಸಿದೆ, ಜಗಳ ಆಡಕ್ಕಲ್ಲ, ನನಗೆ ತಿಳೀಬೇಕಿತ್ತು. ವಿಷಯ ಕೇಳಿ ಅವರ ಮುಖ ಬಿಳುಚಿಕೊಂಡಿತು. ನಿಮ್ಮ ಕಾಲ್ ಕೇಳಿಸ್ತು, ನೀವು ನನ್ನ ಹಿಂದೆ ಇದೀರ ಅಂದ್ಕೊಂಡೆ ಅಂದ್ರು. ನಾನು ಅವರು ಮುಂದೆ ಇದಾರೆ ಅಂದ್ಕೊಂಡಿದ್ದೆ, ಅವರು ನಾನು ಹಿಂದೆ ಅಂದ್ಕೊಂಡಿದ್ರು, ಇಬ್ರ ಚಿತ್ರನೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡು ಕೂತಿತ್ತು, ಅದಕ್ಕೇ ಇಬ್ರೂ ಮತ್ತೆ ಕೇಳಲಿಲ್ಲ. ಆಮೇಲೆ ಎರಡೂ ವಿಮಾನನ ಅಕ್ಕಪಕ್ಕ ತಳ್ಳಿ ನಿಲ್ಲಿಸಿ, ಅವರು ನಮ್ಮದ್ರಲ್ಲಿ, ನಾನೂ ನನ್ನ ಸ್ಟೂಡೆಂಟೂ ಅವರದ್ರಲ್ಲಿ ಕೂತ್ವಿ. ಅವಳು ಎಡಗಡೆ ಸೀಟಿಂದ ರೆಕ್ಕೆ ಕಡೆ ಬಗ್ಗಿ ನೋಡ್ತಾ, ಕೆಳಗೆ ರೆಕ್ಕೆ ಪಕ್ಕ ನಿಂತಿದ್ದ ಇಂಧನ ತುಂಬೋ ಹುಡುಗನಿಗೆ ಸ್ವಲ್ಪ ಬಗ್ಗಿ ಅಂದ್ಳು. ಅವನು ಬಗ್ಗಿದ. ಇನ್ನೊಂಚೂರು ಅಂದ್ಳು. ಅವನು ರೆಕ್ಕೆ ಕೆಳಗೆ ಕುಕ್ಕರಗಾಲಲ್ಲಿ ಕೂತ, ಪೂರ್ತಿ ಮರೆಯಾಗಿ ಹೋದ. ಅಲ್ಲಿಂದ್ಲೇ ಜೋರಾಗಿ ಕೂಗಿ ಕೇಳ್ದ, ಈಗ ಕಾಣ್ತಿದೀನಾ ಮೇಡಂ ಅಂತ, ದನಿ ಮಾತ್ರ ಸ್ಪಷ್ಟವಾಗಿ ಕೇಳಿಸ್ತಿತ್ತು.